ಕ್ಲಾಸಿನಲ್ಲಿ ಎದ್ದು ನಿಲ್ಲಿಸ್ತಾರೆ, ಸ್ಟಾಫ್‌ರೂಮಿನಲ್ಲಿ ಬೇರೆ ಲೋಟ ಕೊಡ್ತಾರೆ: ದೂರು ಹೇಗೆ ಕೊಡೋದು?

ಪ್ರಶ್ನೆ: ಸರ್, ನಾನು ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕೆಲವು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ನಮ್ಮದು ಪರಿಶಿಷ್ಟ ಜಾತಿ. ಬಿಎ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಹತ್ತಿರ ಬಂದು ಅತ್ತಳು. ಅವಳೂ ನಮ್ಮವಳೇ. ಒಬ್ಬ ಸರ್ ಸ್ಕಾಲರ್‌ಶಿಪ್ ಪಟ್ಟಿ ಹಿಡಿದುಕೊಂಡು ಕ್ಲಾಸಿನಲ್ಲಿ ಎಸ್ಸಿ ಹುಡುಗರನ್ನು ಎದ್ದು ನಿಲ್ಲಿಸುತ್ತಾರಂತೆ. ಅವಳನ್ನು ಬರೀ ಅಡ್ಡಹೆಸರು (ಮನೆತನದ ಹೆಸರು) ಹಿಡಿದು ಕರೆಯುತ್ತಾರಂತೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂತ ಕೇಳಿದ್ದಕ್ಕೆ, 'ನಿಮಗ ಸೀಟೂ ಪುಕ್ಕಟ, ಮಾರ್ಕ್ಸೂ ಪುಕ್ಕಟ ಬೇಕೇನು?' ಅಂದರಂತೆ. ಸ್ಟಾಫ್‌ರೂಮಿನಲ್ಲಿ ನನಗೂ ಚಹಾ ಪೇಪರ್ ಲೋಟದಲ್ಲಿ, ಉಳಿದವರಿಗೆ ಸ್ಟೀಲ್ ಲೋಟದಲ್ಲಿ. ನಾನು ಬಾಯಿಬಿಟ್ಟರೆ ಮುಂದಿನ ವರ್ಷ ವರ್ಕ್‌ಲೋಡ್, ಅಂದರೆ ಪಾಠದ ಅವಧಿ, ಕೊಡುವುದಿಲ್ಲ ಅನ್ನೋ ಭಯ. ಕೇಸ್ ಹಾಕಬೇಕಾ? ಪುರಾವೆ ಅಂತೂ ಏನೂ ಇಲ್ಲ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಒಂದು ಆ ಹುಡುಗಿಯದು, ಇನ್ನೊಂದು ನಿಮ್ಮದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಡಿ. ಬರೆದರೆ ಕಾಲೇಜಿನವರು ಮೊದಲು ಆಡುವ ಮಾತು ಏನು ಗೊತ್ತಾ? 'ಹುಡುಗಿಗೆ ಏನೂ ಆಗಿಲ್ಲ, ಮೇಡಂಗೆ ಸಿಟ್ಟಿದೆ, ಅವಳನ್ನು ಮುಂದೆ ಬಿಟ್ಟಿದ್ದಾರೆ' ಅಂತ. ಅವಳದ್ದನ್ನು ಮೊದಲು ಹಿಡಿಯಿರಿ. ನಿಯಮಗಳಲ್ಲಿ ವಿದ್ಯಾರ್ಥಿಗೆ ಇರುವ ದಾರಿ ಉಪನ್ಯಾಸಕರಿಗೆ ಇರುವುದಕ್ಕಿಂತ ಜಾಸ್ತಿ. ಗಡುವೂ ಸ್ಪಷ್ಟವಾಗಿದೆ.

ಇವತ್ತೇ ಪೊಲೀಸ್ ಠಾಣೆಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಇದೇ ವಾರ ಕಾಲೇಜಿಗೆ ಬರವಣಿಗೆಯಲ್ಲಿ ದೂರು ಕೊಡಿಸಿ ಅಂತ ಹೇಳುತ್ತೇನೆ. ಬಾಯಿಮಾತಿನ ದೂರು ನಮ್ಮ ಕಾಲೇಜುಗಳಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತಲ್ಲ. 'ಆಯ್ತವ್ವ, ನಾನ್ ಹೇಳ್ತೇನಿ ಅವರಿಗೆ' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಪುರಾವೆ ಇಲ್ಲ ಅಂತ ಬರೆದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. 2012ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆ ಕಾಪಾಡಲು ಒಂದು ನಿಯಮ ತಂದಿತು. ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜಾತಿ, ಧರ್ಮ, ಪ್ರದೇಶವನ್ನು ಕೂಗಿ ಹೇಳುವುದು ತಪ್ಪು ಅಂತ ಅದರಲ್ಲಿ ಬರೆದಿದೆ. ಇವರು ರಿಸರ್ವೇಶನ್ ಹುಡುಗರು ಅಂತ ಹಣೆಪಟ್ಟಿ ಹಚ್ಚುವುದು ತಪ್ಪು. ಓದಿನಲ್ಲಿ ಹಿಂದೆ ಬೀಳುವುದಕ್ಕೆ ಜಾತಿಯೇ ಕಾರಣ ಅನ್ನುವ ಹಾಗೆ ಹಗುರವಾಗಿ ಮಾತಾಡುವುದು ತಪ್ಪು. ಬೇರೆ ಕೂರಿಸುವುದು ತಪ್ಪು. ಪೇಪರ್ ತಿದ್ದುವುದರಲ್ಲಿ ಭೇದ ಮಾಡುವುದೂ ತಪ್ಪು. ಅಂದರೆ ಸರ್ ಬೈದಿರಲೇಬೇಕು, ಜಾತಿ ಹೆಸರು ಹಿಡಿದು ಹೀಯಾಳಿಸಿರಲೇಬೇಕು ಅಂತ ಈ ನಿಯಮ ಕೇಳುವುದಿಲ್ಲ. ಪಟ್ಟಿ ಹಿಡಿದು ಎದ್ದು ನಿಲ್ಲಿಸಿದ್ದೇ ಸಾಕು. ಅದನ್ನು ಇಡೀ ಕ್ಲಾಸು ನೋಡಿದೆ. ಸಾಕ್ಷಿ ಬೇಕಾದಷ್ಟಿದೆ, ಬಾಯಿಬಿಡುವವರು ಕಡಿಮೆ. ಅದು ಬೇರೆ ಸಮಸ್ಯೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಪಟ್ಟಿಯ ವಿಷಯದಲ್ಲಿ ಆ ಸರ್‌ಗೆ ಒಂದು ಸಮರ್ಥನೆ ಸಿದ್ಧ ಇರುತ್ತದೆ. 'ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಬಾಕಿ ಇತ್ತು, ಹುಡುಗರಿಗೆ ನೆನಪು ಮಾಡಿದೆ, ಒಳ್ಳೇದಕ್ಕೆ ಹೇಳಿದ್ದು' ಅಂತಾರೆ. ಇರಬಹುದು. ಆದರೆ ಸ್ಕಾಲರ್‌ಶಿಪ್ ಕೆಲಸ ಆಫೀಸಿನದು. ನೋಟಿಸ್ ಬೋರ್ಡಿನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಆಯಿತು, ಫೋನಿಗೆ ಮೆಸೇಜ್ ಕಳಿಸಿದರೂ ಆಯಿತು. ಎಪ್ಪತ್ತು ಜನರ ನಡುವೆ ಕೆಲವರನ್ನು ಮಾತ್ರ ಎಬ್ಬಿಸಿ ನಿಲ್ಲಿಸುವ ಅಗತ್ಯ ಯಾವ ಪೋರ್ಟಲ್ಲಿಗೂ ಇಲ್ಲ.

ಅಡ್ಡಹೆಸರಿನ ಸಂಗತಿ ಇನ್ನೂ ಸೂಕ್ಷ್ಮ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಅಡ್ಡಹೆಸರಿಲ್ಲದ ಮನುಷ್ಯ ಸಿಗುವುದು ಕಷ್ಟ. ಬಡಿಗೇರ, ಕುಂಬಾರ, ಹಡಪದ, ತಳವಾರ, ಮಾದರ, ಚಲವಾದಿ, ಹರಿಜನ. ಮೈಸೂರು ಕಡೆಯ ಹುಡುಗನ ಇನಿಷಿಯಲ್ ನೋಡಿ ಜಾತಿ ಹೇಳಲು ಆಗುವುದಿಲ್ಲ. ಇಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲೇ ಅದು ಬಂದಿರುತ್ತದೆ. ಮೊದಲ ದಿನ ಹಾಜರಿ ಕೂಗಿ ಮುಗಿಯುವಷ್ಟರಲ್ಲಿ ಯಾರು ಯಾರು ಅಂತ ಕ್ಲಾಸಿಗೆಲ್ಲ ಗೊತ್ತು. ಆಮೇಲೆ ಬೆಂಚುಗಳು ತಾವಾಗೇ ಬೇರೆಯಾಗುತ್ತವೆ. ಯಾರೂ ಯಾರಿಗೂ ಏನೂ ಹೇಳಿರುವುದಿಲ್ಲ.

ದೂರು ಕೊಟ್ಟರೆ ಸರ್ ಕೇಳುತ್ತಾರೆ: 'ಅದು ಅವಳ ಹೆಸರೇ ಅಲ್ವಾ? ನಾನೇನು ಇಟ್ಟೆನಾ?' ಇದಕ್ಕೆ ಉತ್ತರ ಒಂದೇ. ಪಾಟೀಲರ ಹುಡುಗಿಯನ್ನು ಏನಂತ ಕರೆಯುತ್ತಾರೆ? ದೇಸಾಯರ ಹುಡುಗನನ್ನು? ಅವರನ್ನು ಹೆಸರು ಹಿಡಿದು ಕರೆದು ಇವಳನ್ನು ಮಾತ್ರ ಅಡ್ಡಹೆಸರಿನಿಂದ ಕರೆದರೆ, ಅಲ್ಲಿ ಪುರಾವೆ ಸಿಕ್ಕಿತು. ಎಲ್ಲರನ್ನೂ ಅಡ್ಡಹೆಸರಿನಿಂದಲೇ ಕರೆಯುವ ಅಭ್ಯಾಸ ಅವರದ್ದಾಗಿದ್ದರೆ ಆ ಭಾಗವನ್ನು ದೂರಿನಿಂದ ಬಿಟ್ಟುಬಿಡಿ. ಅದು ನಿಲ್ಲುವುದಿಲ್ಲ, ಉಳಿದದ್ದನ್ನೂ ಸಡಿಲ ಮಾಡುತ್ತದೆ. ತಾರತಮ್ಯದ ಯಾವ ದೂರಿಗೂ ಇದೇ ಅಳತೆ: ಪಕ್ಕದವರಿಗೆ ಏನು ಮಾಡಿದರು, ಇವಳಿಗೆ ಏನು ಮಾಡಿದರು. ಆ ವ್ಯತ್ಯಾಸವನ್ನು ಕಾಗದದ ಮೇಲೆ ತಂದರೆ ಕೇಸು ಅರ್ಧ ಗೆದ್ದ ಹಾಗೆ.

ಈಗ ಬರೆಯುವ ಕ್ರಮ. ನಮ್ಮ ಹುಡುಗರು ದೂರು ಬರೆಯುವುದು ಹೀಗೆ: 'ಸದರಿ ಉಪನ್ಯಾಸಕರು ನನಗೆ ಜಾತಿ ತಾರತಮ್ಯ ಮಾಡಿ ಮಾನಸಿಕ ಕಿರುಕುಳ ನೀಡುತ್ತಿದ್ದು, ದಯಾಳುಗಳಾದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.' ಇದರಲ್ಲಿ ಏನಿದೆ? ದಿನ ಇಲ್ಲ, ಮಾತು ಇಲ್ಲ, ಸಾಕ್ಷಿ ಇಲ್ಲ. ಇದನ್ನು ಓದಿ ಯಾರೂ ಏನೂ ಮಾಡಲಾಗುವುದಿಲ್ಲ. ಹೀಗೆ ಬರೆಸಿ: 'ಸೋಮವಾರ ಎರಡನೇ ಪಿರಿಯಡ್. ಹಾಜರಿ ಮುಗಿದ ಮೇಲೆ ಸರ್ ಸ್ಕಾಲರ್‌ಶಿಪ್ ಪಟ್ಟಿ ತೆಗೆದು, ಎಸ್ಸಿ ಮಂದಿ ಎದ್ದ ನಿಲ್ಲರಿ ಅಂದರು. ನಾನೂ ಇನ್ನೂ ಆರು ಜನರೂ ಎದ್ದೆವು. ಪಾಠ ಶುರುವಾಗುವ ತನಕ ಕೂರಲು ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ನಕ್ಕರು. ನನ್ನ ಪಕ್ಕ ಇಂಥವಳು ಕೂತಿದ್ದಳು.' ತಾರೀಖು ಹಾಕಿ. ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. 'ಪುಕ್ಕಟ ಬೇಕೇನು' ಅನ್ನುವುದನ್ನು 'ಉಚಿತವಾಗಿ ಅಪೇಕ್ಷಿಸುತ್ತೀರಾ' ಅಂತ ತಿದ್ದಬೇಡಿ. ತಿದ್ದಿದರೆ ಅದರ ಮುಳ್ಳೇ ಹೋಗುತ್ತದೆ.

ದೂರು ಅವಳ ಕೈಬರಹದಲ್ಲಿ, ಅವಳ ಸಹಿಯಲ್ಲಿ ಇರಲಿ. ನೀವು ಪಕ್ಕದಲ್ಲಿ ಕೂತು ನೆನಪು ಮಾಡಿಕೊಡಿ, ಅಷ್ಟೇ. ಅವಳು ನಿಮ್ಮ ಹತ್ತಿರ ಬಂದು ಹೇಳಿದ ದಿನವನ್ನೂ ಹೇಳಿದ ಮಾತನ್ನೂ ನಿಮ್ಮ ಡೈರಿಯಲ್ಲಿ ಬರೆದಿಡಿ. ಘಟನೆಯಾದ ಕೂಡಲೇ ಒಬ್ಬರಿಗೆ ಹೇಳಿದ್ದಳು ಅನ್ನುವುದಕ್ಕೆ ವಿಚಾರಣೆಯಲ್ಲಿ ಬೆಲೆ ಇದೆ. ಗುಟ್ಟಾಗಿ ರೆಕಾರ್ಡ್ ಮಾಡಲು ಹೇಳಬೇಡಿ. ಕ್ಲಾಸಿನಲ್ಲಿ ಫೋನ್ ಯಾಕೆ ತೆಗೆದೆ ಅನ್ನುವುದನ್ನೇ ದೊಡ್ಡದು ಮಾಡಿ ಅವಳ ಮೇಲೇ ತಿರುಗಿಸುತ್ತಾರೆ. ಎದ್ದು ನಿಂತ ಉಳಿದ ಹುಡುಗರ ಸಹಿ ಸಿಕ್ಕರೆ ಒಳ್ಳೆಯದು. ಕೂತಿದ್ದವರಲ್ಲಿ ಒಬ್ಬರ ಸಹಿ ಸಿಕ್ಕರೆ ಇನ್ನೂ ಒಳ್ಳೆಯದು. ಬೇರೆ ಜಾತಿಯ ಒಬ್ಬ ಹುಡುಗ 'ಹೌದು, ಹೀಗೆ ನಡೀತು' ಅಂದರೆ ಆ ಸಹಿಗೆ ಇರುವ ತೂಕವೇ ಬೇರೆ. ಸಹಿಗೆ ಹೆದರುವವರು ಇರುತ್ತಾರೆ. ಒತ್ತಾಯ ಬೇಡ. ವಿಚಾರಣೆಯಲ್ಲಿ ಕರೆದು ಕೇಳಿ ಅಂತ ಅವರ ನೋಂದಣಿ ಸಂಖ್ಯೆ ಕೊಟ್ಟರೂ ನಡೆಯುತ್ತದೆ.

ಕೊಡುವುದಕ್ಕೆ ಮುಂಚೆ ಅವಳ ಮನೆಯವರ ಜೊತೆ ಮಾತಾಡಿ. ಇದನ್ನು ಬೆಂಗಳೂರಿನ ವಕೀಲರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ ಅಂದುಕೊಳ್ಳಿ. ಕಾಲೇಜಿನಲ್ಲಿ ತಕರಾರಂತೆ ಅನ್ನುವ ಸುದ್ದಿ ಊರಿಗೆ ಮುಟ್ಟಿದರೆ ಅಪ್ಪ ಅನ್ನುವುದು ಒಂದೇ ಮಾತು: 'ಸಾಕವ್ವ ಓದಿದ್ದು.' ಮರುತಿಂಗಳು ಗಂಡು ನೋಡುತ್ತಾರೆ. ದೂರಿನಿಂದ ಸರ್‌ಗೆ ಏನಾಗುತ್ತದೋ ಗೊತ್ತಿಲ್ಲ, ಅವಳ ಬಿಎ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಮೊದಲು ತಾಯಿಯನ್ನು ಕಂಡು, ಮಗಳದ್ದೇನೂ ತಪ್ಪಿಲ್ಲ, ಕಾಲೇಜು ಬಿಡಿಸಬೇಡಿ ಅಂತ ಹೇಳಿ. ಅವ್ವ ಗಟ್ಟಿಯಾಗಿ ನಿಂತ ಮನೆಗಳಲ್ಲಿ ಹುಡುಗಿಯರು ಓದು ಮುಗಿಸುತ್ತಾರೆ.

ಇನ್ನು ದೂರು ಯಾರಿಗೆ? ಪ್ರಿನ್ಸಿಪಾಲರಿಗೆ. ಅದೇ 2012ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ತಡೆ ಅಧಿಕಾರಿ ಅಂತ ಒಬ್ಬರು ಇರಬೇಕು. 60 ದಿನದೊಳಗೆ ದೂರು ತೀರ್ಮಾನ ಆಗಬೇಕು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು ಅಂತ ಕೇಳಿದರೆ ಆಫೀಸಿನವರು ನಿಮ್ಮ ಮುಖ ನೋಡಬಹುದು. ಪರವಾಗಿಲ್ಲ, ದೂರಿನ ಕೊನೆಯಲ್ಲಿ ಒಂದು ಸಾಲು ಸೇರಿಸಿ: 'ನಮ್ಮ ಕಾಲೇಜಿನ ತಾರತಮ್ಯ ತಡೆ ಅಧಿಕಾರಿ ಯಾರೆಂದು ತಿಳಿಸಿ, ಈ ದೂರನ್ನು ಅವರಿಗೆ ಕಳಿಸಬೇಕು.' ಇಲ್ಲದಿದ್ದರೆ ನೇಮಿಸಲೇಬೇಕಾಗುತ್ತದೆ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಇನ್‌ವರ್ಡ್ ನಂಬರ್, ಸೀಲು, ತಾರೀಖು ಹಾಕಿಸಿಕೊಳ್ಳಿ. ಗುಮಾಸ್ತರು 'ಸಾಹೇಬ್ರು ಇಲ್ಲ, ನಾಳೆ ಬಾ' ಅಂದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ, ಕಾಲೇಜಿನ ಇಮೇಲಿಗೂ ಕಳಿಸಿ. ಆ ರಸೀದಿಯೇ ಸ್ವೀಕೃತಿ.

ನಡುವೆ ಒಂದು ಗೊಂದಲ ಆಗಬಹುದು, ಹೇಳಿಬಿಡುತ್ತೇನೆ. ಯುಜಿಸಿ 2026ರ ಜನವರಿಯಲ್ಲಿ ಹೊಸ ಸಮಾನತೆ ನಿಯಮ ಹೊರಡಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು, ಮುಂದಿನ ಆದೇಶದವರೆಗೆ 2012ರದ್ದೇ ನಡೆಯಲಿ ಅಂದಿತು. ದೂರಿನಲ್ಲಿ 2012 ಅಂತಲೇ ಬರೆಯಿರಿ.

ಪ್ರಿನ್ಸಿಪಾಲರು ಸುಮ್ನೆ ಕೂತರೆ ಇನ್ನೊಂದು ದಾರಿ ಇದೆ. 2023ರ ಯುಜಿಸಿ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಕನಿಷ್ಠ ಒಬ್ಬರು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು ಇರಬೇಕು. 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದೂ ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ. ನಿಮ್ಮ ಕಾಲೇಜು ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ಸೇರಿದ್ದಾ, ಬೇರೆಯದಕ್ಕಾ ಅಂತ ನೋಡಿಕೊಳ್ಳಿ. ಇದೇ ಪ್ರಶ್ನೆ ಇರುವ ಬೆಳಗಾವಿಯವರು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ, ಮಹಿಳಾ ಕಾಲೇಜಿನವರು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬೇಕು.

ಮಾರ್ಕ್ಸ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಿಂದೆಮುಂದೆ ನೋಡುತ್ತೇನೆ. ಕಡಿಮೆ ಮಾರ್ಕ್ಸ್ ಬಂದಿದ್ದೆಲ್ಲ ಜಾತಿಯಿಂದ ಅಂತ ಹೇಳಲು ಬರುವುದಿಲ್ಲ. ನೀವೂ ಪೇಪರ್ ತಿದ್ದುವವರು, ನಿಮಗೆ ಗೊತ್ತು. ಮೊದಲು ಪೇಪರ್ ನೋಡಬೇಕು. ಪರೀಕ್ಷೆ ಬರೆದವರಿಗೆ ತಿದ್ದಿದ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮದು ಸರ್ಕಾರಿ ಕಾಲೇಜು, ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಉತ್ತರಕ್ಕೆ ಗಡುವು 30 ದಿನ. ಪೇಪರ್ ಕೈಗೆ ಬಂದ ಮೇಲೆ, ಅದೇ ಉತ್ತರಕ್ಕೆ ಬೇರೆಯವರಿಗೆ ಎಷ್ಟು ಬಿದ್ದಿದೆ ಅಂತ ಗೆಳತಿಯರ ಪೇಪರ್ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ದೂರಿಗೆ ಸೇರಿಸಿ, ಕಾಣದಿದ್ದರೆ ಬಿಡಿ. 'ಪುಕ್ಕಟ' ಅಂದ ಮಾತು ಹೇಗೂ ದೂರಿನಲ್ಲಿ ಇದ್ದೇ ಇರುತ್ತದೆ.

ಈಗ ಅಟ್ರಾಸಿಟಿ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. 1989ರ ಕಾಯ್ದೆ, 2015ರ ತಿದ್ದುಪಡಿಯ ನಂತರ ಇನ್ನೂ ಗಟ್ಟಿಯಾಗಿದೆ. ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಸೇರಿಸಿದರು. ತನಿಖೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಮಾಡಬೇಕು. ಸಾಕ್ಷಿಗಳಿಗೆ ಬೆದರಿಕೆ ಬರದಂತೆ ರಕ್ಷಣೆ ಕೊಡುವುದೂ ಕಾಯ್ದೆಯಲ್ಲೇ ಇದೆ. ಆದರೆ ನ್ಯಾಯಾಲಯ ಎರಡು ವಿಷಯ ಕೇಳುತ್ತದೆ. ಜಾತಿಯ ಕಾರಣಕ್ಕೇ ಅವಮಾನ ಮಾಡುವ ಉದ್ದೇಶ ಇತ್ತಾ? ಅದು ನಾಲ್ಕು ಜನರ ಕಣ್ಣೆದುರು ನಡೆಯಿತಾ? ಗೋಡೆಗಳ ನಡುವೆ, ಬೇರೆ ಯಾರೂ ಇಲ್ಲದಾಗ ಬೈದದ್ದು ಈ ಕಲಮಿಗೆ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಲಾಸಿನಲ್ಲಿ ಹುಡುಗರ ಎದುರು ಆದದ್ದು ಬೇರೆ, ಚೇಂಬರಿನಲ್ಲಿ ಒಬ್ಬಳಿಗೇ ಅಂದದ್ದು ಬೇರೆ. 'ಪುಕ್ಕಟ' ಅಂದದ್ದು ಎಲ್ಲಿ ಅಂತ ನಿಮ್ಮ ಪತ್ರದಲ್ಲಿಲ್ಲ. ಅವಳನ್ನು ಕೇಳಿ ತಿಳಿದುಕೊಳ್ಳಿ.

ಜಾತಿ ಹೆಸರು ಹಿಡಿದು ಬೈದಿದ್ದರೆ, ಕೈ ಮಾಡಿದ್ದರೆ, ದೂರಿನ ನಂತರ ಹೆದರಿಸಿದ್ದರೆ ಕಾಲೇಜಿನ 60 ದಿನಕ್ಕೆ ಕಾಯಬೇಡಿ, ನೇರ ಠಾಣೆಗೆ ಹೋಗಿ. 14566 ಸಹಾಯವಾಣಿಗೂ ಫೋನ್ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪರಿಶಿಷ್ಟರಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ, ಅದರ ನಂಬರ್ 15100. ಆದರೆ ಠಾಣೆಗೆ ಹೋಗುವ ತೀರ್ಮಾನ ಅವಳದ್ದು, ಮನೆಯವರದ್ದು. ನಿಮ್ಮದಲ್ಲ. ಊರಿನ ಮುಖಂಡರದ್ದಂತೂ ಅಲ್ಲವೇ ಅಲ್ಲ.

ನಿಮ್ಮ ವಿಷಯಕ್ಕೆ ಬರೋಣ. 1918ರಲ್ಲಿ ಅಂಬೇಡ್ಕರ್ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದಾಗ, ಸ್ಟಾಫಿನವರ ನೀರಿನ ಪಾತ್ರೆಯಿಂದ ಅವರು ನೀರು ಕುಡಿಯುವುದಕ್ಕೆ ಜೊತೆಯ ಪ್ರೊಫೆಸರುಗಳೇ ತಕರಾರು ತೆಗೆದಿದ್ದರು. ನೂರು ವರ್ಷ ದಾಟಿದೆ, ಪಾತ್ರೆ ಹೋಗಿ ಪೇಪರ್ ಲೋಟ ಬಂದಿದೆ. ವರ್ಷಾ ವರ್ಷಾ ಬಸವ ಜಯಂತಿ ಮಾಡುವ ಜಿಲ್ಲೆ ನಮ್ಮದು, ಅದನ್ನು ನೆನೆದರೆ ಇನ್ನೂ ಬೇಜಾರು.

ಆದರೂ ಅದೇ ಅಳತೆ ಇಲ್ಲಿಯೂ ಹಾಕಿ. ಉಳಿದ ಅತಿಥಿ ಉಪನ್ಯಾಸಕರಿಗೆ ಯಾವ ಲೋಟ? ಅವರಿಗೂ ಪೇಪರ್ ಲೋಟವೇ ಆದರೆ ಇದು ಖಾಯಂ ಮತ್ತು ಅತಿಥಿ ನಡುವಿನ ಭೇದ. ಅದೂ ಸಣ್ಣದಲ್ಲ. ಒಂದೇ ಸಿಲಬಸ್ ಪಾಠ ಮಾಡಿ ಒಬ್ಬರು ಲಕ್ಷ ದಾಟಿದ ಸಂಬಳ ಪಡೆಯುವಾಗ, ಯುಜಿಸಿ ಅರ್ಹತೆಯೂ ಐದು ವರ್ಷಕ್ಕೂ ಜಾಸ್ತಿ ಸೇವೆಯೂ ಇರುವ ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ್ದು ತಿಂಗಳಿಗೆ 32,000 ರೂಪಾಯಿ. ಅದಕ್ಕೆ ಸಂಘಟನೆಯ ದಾರಿ. ಆದರೆ ಬೇರೆ ಅತಿಥಿಗಳಿಗೆ ಸ್ಟೀಲ್ ಲೋಟ, ನಿಮಗೊಬ್ಬರಿಗೇ ಪೇಪರ್ ಅಂದರೆ ಅದು ಜಾತಿಯೇ. ಚಹಾ ತರುವ ಅಟೆಂಡರ್ ಮೇಲೆ ಸಿಟ್ಟು ಮಾಡಬೇಡಿ, ಅವರಿಗೆ ಹಾಗೆ ಹೇಳಿದವರು ಬೇರೆ ಇರುತ್ತಾರೆ.

2012ರ ನಿಯಮ ಬರೆದಿರುವುದು ವಿದ್ಯಾರ್ಥಿಗಳಿಗಾಗಿ. ನಿಮಗೆ ಅದು ನೇರವಾಗಿ ಸಿಗುವುದಿಲ್ಲ. ನೀವು ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರಿಗೆ, ರಾಜ್ಯದ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗಕ್ಕೆ, ಇಲ್ಲವೇ ರಾಷ್ಟ್ರೀಯ ಪರಿಶಿಷ್ಟ ಜಾತಿ ಆಯೋಗಕ್ಕೆ ಬರೆಯಬಹುದು. ಮಾತಿನಲ್ಲಿ ಲೈಂಗಿಕ ಕಿರುಕುಳವೂ ಸೇರಿದ್ದರೆ ಅದು ಕಾಲೇಜಿನ ಆಂತರಿಕ ಸಮಿತಿಗೆ, ಮೂರು ತಿಂಗಳೊಳಗೆ. ವರ್ಕ್‌ಲೋಡ್ ಭಯದ ಬಗ್ಗೆ: ಸರ್ಕಾರಿ ಕಾಲೇಜುಗಳಲ್ಲಿ ಈಗ ಆಯ್ಕೆ ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಒಬ್ಬ ಪ್ರಿನ್ಸಿಪಾಲರ ಮನಸ್ಸಿನ ಮೇಲೆ ನಿಂತಿದ್ದ ಕಾಲ ಹೋಗಿದೆ. ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಟೈಮ್‌ಟೇಬಲ್ಲಿನಲ್ಲಿ, ಹಾಜರಿಯಲ್ಲಿ, ಸೇವಾ ಪ್ರಮಾಣಪತ್ರದಲ್ಲಿ ಕಾಡಿಸಬಹುದು. ಅದಕ್ಕೇ ನಿಮ್ಮ ಹಾಜರಿ, ವರ್ಕ್‌ಲೋಡ್ ಆದೇಶ, ಸೇವಾ ಪ್ರಮಾಣಪತ್ರದ ನಕಲನ್ನು ಈಗಲೇ ಮನೆಯಲ್ಲಿ ಇಟ್ಟುಕೊಳ್ಳಿ. ನಿಮ್ಮ ದೂರು ಹುಡುಗಿಯದ್ದು ಒಂದು ದಡ ಮುಟ್ಟಿದ ಮೇಲೆ ಹೋಗಲಿ.

ಭಾಷೆಯ ಕಾರಣಕ್ಕೆ, ಊರಿನ ಕಾರಣಕ್ಕೆ ಕಾಡುವುದರ ಬಗ್ಗೆ ಬೆಳಗಾವಿಯ ಓದುಗರೂ ಕೇಳುತ್ತಿರುತ್ತಾರೆ. ಹಾಸ್ಟೆಲಿನಲ್ಲಿ ಕನ್ನಡದವ, ಮರಾಠಿಯವ, ಹಳ್ಳಿಯವ ಅಂತ ಒಬ್ಬನನ್ನು ಹೊರಗಿಟ್ಟು ಕಾಡಿದರೆ 2016ರ ತಿದ್ದುಪಡಿಯಂತೆ ಅದು ರ‍್ಯಾಗಿಂಗ್. ಸಹಾಯವಾಣಿ 1800-180-5522, ಹೆಸರು ಹೇಳದೆಯೂ ದೂರು ಕೊಡಬಹುದು.

ಆ ಹುಡುಗಿ ಕ್ಲಾಸಿಗೆ ಬರುವುದು ಕಡಿಮೆ ಮಾಡಿದ್ದಾಳಾ, ಊಟ ಬಿಟ್ಟಿದ್ದಾಳಾ ಅಂತ ಗಮನಿಸಿ. 2016ರಲ್ಲಿ ಹೈದರಾಬಾದಿನ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ, 2019ರಲ್ಲಿ ಮುಂಬೈಯ ವೈದ್ಯಕೀಯ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ದೂರು ಕೊಟ್ಟ ಮೇಲೆ ಬಹುಶಃ ನಡೆಯುವುದು ಇದು: ಪ್ರಿನ್ಸಿಪಾಲರು ಅವಳನ್ನು ಚೇಂಬರಿಗೆ ಕರೆಸುತ್ತಾರೆ. ಇಬ್ಬರು ಹಿರಿಯ ಉಪನ್ಯಾಸಕರು ಕೂತಿರುತ್ತಾರೆ. 'ಸರ್ ರಿಟೈರ್ ಆಗೋರಿದ್ದಾರೆ, ಮನಸ್ಸಿಗೆ ಹಚ್ಚಿಕೋಬ್ಯಾಡ, ವಾಪಸ್ ತಗೋ' ಅನ್ನುತ್ತಾರೆ. ರಾಜಿಯೇ ಬೇಡ ಅಂತ ನಾನು ಹೇಳುವುದಿಲ್ಲ. ಅವಳಿಗೆ ಒಪ್ಪಿಗೆಯಿದ್ದರೆ ಆಗಲಿ. ಆದರೆ ಬರವಣಿಗೆಯಲ್ಲಿ ಆಗಲಿ: ಸ್ಕಾಲರ್‌ಶಿಪ್ ಪಟ್ಟಿ ಇನ್ನು ಕ್ಲಾಸಿಗೆ ಬರುವುದಿಲ್ಲ, ಹಾಜರಿ ರೋಲ್ ನಂಬರಿನಿಂದ ಕೂಗುತ್ತಾರೆ, ಇಂಟರ್ನಲ್ಸ್ ಪೇಪರ್ ತಿದ್ದಿದ ಮೇಲೆ ಎಲ್ಲರಿಗೂ ತೋರಿಸುತ್ತಾರೆ. ಈ ಮೂರಕ್ಕೆ ಪ್ರಿನ್ಸಿಪಾಲರ ಸಹಿ ಬೀಳುವವರೆಗೆ ದೂರು ವಾಪಸ್ ಪಡೆಯುವ ಹಾಳೆಗೆ ಅವಳು ಸಹಿ ಹಾಕಬಾರದು. ಆ ದಿನ ಅವಳ ಜೊತೆ ಅವ್ವ ಇರಲಿ, ಇಲ್ಲವೇ ಅಣ್ಣ ಇರಲಿ. ಒಬ್ಬಳನ್ನೇ ಒಳಗೆ ಕಳಿಸಬೇಡಿ.